ಗೌಡರ ಕುರ್ಚಿಗೆ ನೇರವಾಗಿ ಇಟ್ಟ ಪೆಟ್ಟಿಗೆ

1948ರಲ್ಲಿ ನಾನು ವಿಜಾಪುರದ ಜೋರಾಪುರ ಪೇಟೆಯ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಮೆಕ್ಯಾನಿಕ್ ಆಗಿದ್ದೆ. ಕಾಲೇಜಿನಲ್ಲಿ ಓದಿದ್ದು ಭೌತಶಾಸ್ತ್ರ. ಅದಕ್ಕಿಂತ ಚೆನ್ನಾಗಿ ಕಲಿತದ್ದು ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತನ್ನು ಬಿಚ್ಚಿ ನೋಡುವುದನ್ನು. ಈಗ ಹೇಳಹೊರಟ ಸಂಗತಿ ನಡೆದು ಇನ್ನೂ ಕೆಲವೇ ವರ್ಷ. ವೃತ್ತಿಯ ಅನುಭವ ಬರೆಯಬೇಕಾದರೆ ತಲೆ ನರೆತಿರಬೇಕು ಎನ್ನುವವರಿದ್ದಾರೆ. ನರೆತ ತಲೆಗಳು ಹೇಳಿದ್ದನ್ನೆಲ್ಲ ಅಂದು ಒಪ್ಪಿಕೊಂಡಿದ್ದರೆ ಒಬ್ಬ ಮನುಷ್ಯನ ಅನ್ನ ಹೋಗುತ್ತಿತ್ತು.

ಆ ವರ್ಷ ಒಂದು ನಾಟಕ ಕಂಪನಿಯ ಮಾಲಕರು ನಮ್ಮ ಅಂಗಡಿಗೆ ಒಂದು ಆಂಪ್ಲಿಫೈಯರ್ ತಂದರು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಸಾಮಾನು. ಮೋಟಾರಿನ ಬ್ಯಾಟರಿಯ ಮೇಲೆ ನಡೆಯುವಂಥದು. ಒಳಗೆ ಗಾಜಿನ ಬುರುಡೆಯಂಥ ವಾಲ್ವ್‌ಗಳು. ಅವು ಕಾದ ಮೇಲೆಯೇ ಸಣ್ಣ ದನಿ ದೊಡ್ಡದಾಗುವುದು. ಅದನ್ನು ಮಾಡಿದ್ದು ಗದ್ದಲದ ನಡುವೆ ಹುಕುಂ ಕೇಳಿಸಲಿ ಎಂದು, ಸಂಗೀತಕ್ಕಲ್ಲ. ಹಾಗಾಗಿ ದನಿ ಬಲು ಚೂಪು. ಮಾಲಕರಿಗೆ ಅದರಲ್ಲಿ ಗಿಟಾರ್ ಕೇಳಿಸಬೇಕಾಗಿತ್ತು. ಮುಂಬಯಿಯಲ್ಲಿ ಕಲಿತು ಬಂದ ವಸಂತ ಎಂಬ ತರುಣ ಆಗಷ್ಟೇ ಕಂಪನಿಗೆ ಸೇರಿದ್ದ. ತೊಡೆಯ ಮೇಲೆ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಹವಾಯಿಯನ್ ಗಿಟಾರ್ ಅವನದು.

ನಾನು ಆಂಪ್ಲಿಫೈಯರಿನೊಳಗೆ ಒಂದು ಕಂಡೆನ್ಸರ್ ಹಾಕಿದೆ. ಕೀರಲು ಸ್ವರಗಳನ್ನು ತುಸು ಹೀರಿಕೊಳ್ಳುವುದು ಅದರ ಕೆಲಸ. ಮಿಲಿಟರಿಯವರ ಲೋಹದ ಹಾರ್ನ್ ತೆಗೆದು, ಕಾಗದದ ಕೋನ್ ಇರುವ ಸ್ಪೀಕರನ್ನು ಆಂಪ್ಲಿಫೈಯರಿನ ಜೊತೆಗೇ ಒಂದು ಮರದ ಪೆಟ್ಟಿಗೆಯಲ್ಲಿ ಕೂರಿಸಿದೆ. ಪೆಟ್ಟಿಗೆಯ ಮೇಲ್ಗಡೆಯ ಟೋನ್ ಎಂಬ ಗುಂಡಿಯನ್ನು ಬಲಕ್ಕೆ ತಿರುವಿದರೆ ದನಿ ಚೂಪಾಗುತ್ತದೆ, ಎಡಕ್ಕೆ ತಿರುವಿದರೆ ಮೆತ್ತಗಾಗುತ್ತದೆ. ಅದನ್ನು ನಡುವೆ ನಿಲ್ಲಿಸಿ ಬಳಪದಿಂದ ಗುರುತು ಹಾಕಿ ಕಳಿಸಿದೆ.

ಟಿಕೋಟಾದಲ್ಲಿ ಆಟ ಚೆನ್ನಾಗಿ ಆಯಿತು. ಗಿಟಾರನ್ನು ಜನ ಮೆಚ್ಚಿದರು ಎಂಬ ಸುದ್ದಿ ಬಂತು. ಮುಂದಿನ ಮುಕ್ಕಾಮು ಬಬಲೇಶ್ವರ. ಅಲ್ಲಿ ಮೊದಲ ಆಟದ ಮರುದಿನವೇ ಮೋಟಾರಿನ ಡ್ರೈವರನ ಕೈಯಲ್ಲಿ ಹೇಳಿಕಳಿಸಿದರು, ಕೂಡಲೇ ಬರಬೇಕು ಎಂದು. ನನ್ನ ಮೊದಲ ಸಂಶಯ ವಾಲ್ವ್ ಮೇಲೆ. ಒಂದು ಬದಲಿ ವಾಲ್ವ್ ಜೇಬಿಗೆ ಹಾಕಿಕೊಂಡು ಹೊರಟೆ.

ಡೇರೆಯೊಳಗೆ ಆಗಲೇ ಪಂಚಾಯಿತಿ ಕೂತಿತ್ತು. ನಡುವೆ ಈರಪ್ಪ ಮಾಸ್ತರರು ನಿಂತಿದ್ದರು. ಕಂಪನಿಯಲ್ಲಿ ಪೇಟಿ, ಎಂದರೆ ಹಾರ್ಮೋನಿಯಂ, ನುಡಿಸುವವರು. ಗಿಟಾರ್ ಬಂದಾಗಿನಿಂದ ಅವರ ಪಾಲಿನ ಹಾಡುಗಳು ಒಂದೊಂದಾಗಿ ವಸಂತನಿಗೆ ಹೋಗುತ್ತಿದ್ದವು.

“ಊರ ಗೌಡ್ರು ಮುಂದಿನ ಕುರ್ಚಿಯಾಗ ಕುಂತಿದ್ರು,” ಎಂದರು ಮಾಲಕರು. “ಎರಡನೇ ಹಾಡಿಗೆ ಕಿವಿಯಾಗ ಬೆರಳ ಇಟ್ಕೊಂಡು ಎದ್ದು ಹ್ವಾದ್ರು. ಇವತ್ತೂ ಹಂಗ ಆದ್ರ ಡೇರೆ ಕಿತ್ಕೊಂಡು ಹೋಗ್ರಿ ಅಂತ ಹೇಳಿಕಳಿಸ್ಯಾರ. ಗುಂಡಿ ನೋಡ್ರಿ, ನೀವು ಹಾಕಿದ ಗುರ್ತ ಎಲ್ಲಿ ಐತಿ, ಅದು ಎಲ್ಲಿ ಹೋಗೇತಿ. ಪೆಟ್ಟಿಗಿ ಮಗ್ಗಲಾ ಕುಂಡ್ರಾಂವ ಈ ಮಾಸ್ತರ. ಈಗಿಂದೀಗ ಗಂಟು ಕಟ್ಟಲಿ.”

ಗುಂಡಿ ಬಲಕ್ಕೆ ಪೂರ್ತಿ ತಿರುಗಿತ್ತು, ನಿಜ.

ಈರಪ್ಪ ಮಾಸ್ತರರು ನನ್ನ ಕಡೆ ನೋಡಿದರು. “ನನ್ನ ಪೇಟಿಗೆ ಗಾಳಿ ಸಾಕ್ರಿ ಸಾಹೇಬ್ರ. ಈ ವಸಂತನ ಪೆಟ್ಟಿಗಿಗೆ ಮೋಟಾರಿನ ಬ್ಯಾಟರಿ ಬೇಕು, ಗಾಜಿನ ಬುರುಡಿ ಬೇಕು, ಕಾಲೇಜು ಕಲ್ತಾಂವ ಬೇಕು. ಇಷ್ಟೆಲ್ಲಾ ಆಗಿ ಬೆಕ್ಕಿನ ಬಾಲ ತುಳದಂಗ ಒದರತೈತಿ. ಅದನ್ನ ಕೆಡಸಾಕ ನಾ ಯಾಕ ಬೇಕು?”

ಆರೋಪಿ ಹೀಗೆ ಮಾತಾಡಿದರೆ ಅವನ ಪರ ವಾದಿಸುವುದು ಕಷ್ಟ. ಅವರ ಮೇಲೆ ನನಗೂ ಸಂಶಯವಿತ್ತು. ಆದರೆ ಮಾಲಕರ ಮೇಲೂ ಇತ್ತು. ಎದುರು ಮಾತಾಡುವ ಆಳನ್ನು ಕಳಿಸಲು ನೆಪ ಹುಡುಕುವವರನ್ನು ನಾನು ಪೇಟೆಯಲ್ಲಿ ಸಾಕಷ್ಟು ನೋಡಿದ್ದೇನೆ. ದ್ವೇಷ ಇದೆ ಎಂಬುದು ಕಾರಣವಾದೀತು, ಸಾಕ್ಷಿಯಾಗದು.

ಮೊದಲು ವಾಲ್ವ್ ಬದಲಿಸಿದೆ. ದನಿಯಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ನಮ್ಮ ಅಂಗಡಿಯ ಮರ್ಯಾದೆ ಉಳಿಯಿತು, ಮಾಸ್ತರರದು ಇನ್ನೂ ತೂಗಾಡುತ್ತಿತ್ತು. ಆಮೇಲೆ ವಸಂತನನ್ನು ಕೇಳಿದೆ, “ನಿನ್ನೆ ದನಿ ನಿಮಗ ಹೆಂಗ ಕೇಳತಿತ್ತು?”

“ಹೆಂಗ ಕೇಳೋದ್ರಿ? ಸತ್ತಂಗ,” ಎಂದ ಅವನು. “ಕಂಬಳಿಯಾಗ ಸುತ್ತಿಟ್ಟಂಗ. ಮಾಸ್ತರ ಗುಂಡಿ ಇಳಿಸಿರಬೇಕಂತ ನಾನ ಬಲಕ್ಕ ತಿರುವಿ ಏರಿಸ್ಕೊಂಡೆ. ಹಾಡಿಗೊಮ್ಮೆ ತುಸು ತುಸು.”

“ಮತ್ತ ಇದನ್ನ ಮುಂಜಾನಿಂದ ಯಾಕ ಹೇಳಲಿಲ್ಲ?”

“ಬ್ಯಾರೆ ಯಾರ್ ಮುಟ್ಟಿದ್ರು ಅಂತ ಕೇಳಿದ್ರಿ ಎಲ್ಲಾರೂ. ನಾ ಮುಟ್ಟಿದೆನೋ ಅಂತ ಯಾರೂ ಕೇಳಲಿಲ್ಲಲ್ರಿ.”

ಈ ಕಡೆ ಮಾಲಕರು ತಲೆಯಾಡಿಸಿ, “ನೋಡ್ರಿ, ಇಂವಾನೂ ಮಾಸ್ತರನ ಹೆಸರ ಹೇಳತಾನ,” ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಮಾಸ್ತರರು ಗುಂಡಿ ಏರಿಸಿದರು ಎಂಬುದು ಮಾಲಕರ ದೂರು. ಅವರೇ ಇಳಿಸಿದರು ಎಂಬುದು ವಸಂತನ ದೂರು. ಎರಡು ದೂರುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಆದರೂ ಎರಡೂ ಒಬ್ಬನನ್ನೇ ಬೆರಳು ಮಾಡಿ ತೋರಿಸುತ್ತಿದ್ದುದರಿಂದ ಡೇರೆಯಲ್ಲಿದ್ದ ಎಲ್ಲರಿಗೂ ಅವು ಒಂದಕ್ಕೊಂದು ಪುಷ್ಟಿ ಕೊಟ್ಟಂತೆ ಕಂಡಿದ್ದವು. ಇಂಥ ತಪ್ಪು ಮಾಡಿ ಗೆದ್ದ ತಂಡವನ್ನು ನಾನು ಚರ್ಚಾಸ್ಪರ್ಧೆಯಲ್ಲೂ ಕಂಡಿಲ್ಲ.

ಗುಂಡಿ ತಿರುವಿದ್ದು ಯಾರೆಂದು ಗೊತ್ತಾಯಿತು. ಇನ್ನು ಉಳಿದ ಪ್ರಶ್ನೆ ಒಂದೇ: ಗೌಡರ ಕಿವಿಗೆ ಚುಚ್ಚಿದ ದನಿ, ಅದೇ ಹೊತ್ತಿನಲ್ಲಿ, ಅದೇ ಪೆಟ್ಟಿಗೆಯಿಂದ ವಸಂತನಿಗೆ ಸತ್ತಂತೆ ಕೇಳಿದ್ದು ಹೇಗೆ? ಇದಕ್ಕೆ ಉತ್ತರ ಸಿಗದಿದ್ದರೆ ಮಾಸ್ತರರು ಗಂಟು ಕಟ್ಟುವುದು ತಪ್ಪುತ್ತಿರಲಿಲ್ಲ. ಇಲ್ಲವೇ ವಸಂತ ಸುಳ್ಳು ಹೇಳುತ್ತಾನೆ ಎಂದಾಗುತ್ತಿತ್ತು.

“ಟಿಕೋಟಾದಾಗ ಪೆಟ್ಟಿಗಿ ಎಲ್ಲಿಟ್ಟಿದ್ರಿ?”

“ಅಲ್ಲಿ ರಂಗದ ಕಟ್ಟಿ ಸಣ್ಣದು,” ಎಂದ ವಸಂತ. “ಜಾಗ ಇರಲಿಲ್ಲ. ನನ್ನೆದುರಿಗೇ, ನನ್ನ ಕಡೆ ಮಾರಿ ಮಾಡಿ ಇಟ್ಟಿದ್ವಿ.”

“ಇಲ್ಲಿ?”

“ಗೌಡ್ರ ಕುರ್ಚಿಗೆ ನೇರ,” ಎಂದರು ಮಾಲಕರು, ಎದೆಯುಬ್ಬಿಸಿ. “ಊರ ದೊಡ್ಡೋರು. ಮೊದಲ ಅವರಿಗೆ ಕೇಳಬೇಕಲ್ರಿ.”

ಮಾಲಕರನ್ನೇ ಗೌಡರ ಕುರ್ಚಿಯಲ್ಲಿ ಕೂರಿಸಿದೆ. ಮುಂದೆ ಯಾರೂ ಬೆರಳು ತೋರಿಸಬಾರದೆಂದು ಈರಪ್ಪ ಮಾಸ್ತರರನ್ನು ಡೇರೆಯ ಹೊರಗೆ, ಎರಡೂ ಕೈ ಎಲ್ಲರಿಗೂ ಕಾಣುವಂತೆ, ಹಗ್ಗದ ಹತ್ತಿರ ನಿಲ್ಲಿಸಿದೆ. ವಸಂತ ತನ್ನ ಜಾಗದಲ್ಲಿ, ಪೆಟ್ಟಿಗೆಯ ಹಿಂದೆ, ಕೂತು ತನಗೆ ಹಿತವಾಗುವಷ್ಟು ಗುಂಡಿ ತಿರುವಿಕೊಂಡು ನುಡಿಸಿದ. ಮಾಲಕರು ಮುಖ ಕಿವುಚಿದರು. “ಕಿವಿಯಾಗ ದಬ್ಬಣ ಹೊಕ್ಕಂಗ ಆಗತೈತ್ರಿ.”

ಗುಂಡಿ ಮುಟ್ಟದೆ ಪೆಟ್ಟಿಗೆಯನ್ನಷ್ಟೇ ವಸಂತನ ಮುಖಕ್ಕೆ ತಿರುಗಿಸಿದೆ. ಅವನು ಒಂದು ತಂತಿ ಮೀಟಿದ, ಅಷ್ಟೇ. “ಯಪ್ಪಾ,” ಎಂದು ಹಿಂದೆ ಸರಿದು ತಾನೇ ಗುಂಡಿಯನ್ನು ಎಡಕ್ಕೆ ತಿರುವಿದ. ಅದು ನನ್ನ ಬಳಪದ ಗುರುತಿನ ಹತ್ತಿರ ಬಂದು ನಿಂತಿತು.

ಕಾರಣ ಸರಳ. ತಗ್ಗಿನ ಸ್ವರಗಳು ಕಂದೀಲಿನ ಬೆಳಕಿನಂತೆ ಸುತ್ತಲೂ ಹರಡುತ್ತವೆ. ಕೀರಲು ಸ್ವರಗಳು ಬ್ಯಾಟರಿ ದೀಪದ ಬೆಳಕಿನಂತೆ ಸ್ಪೀಕರಿನಿಂದ ನೇರ ಮುಂದಕ್ಕೆ ಹೋಗುತ್ತವೆ. ಹಿಂದೆ ಕೂತವನಿಗೆ ಅವು ಸಿಗುವುದೇ ಇಲ್ಲ. ಎದುರು ಕೂತವನಿಗೆ ಎಲ್ಲವೂ ಸಿಗುತ್ತವೆ. ಟೋನ್ ಸರಿ ಮಾಡುವವನು ಕೇಳುವವನ ಜಾಗದ ದನಿ ಕೇಳದಿದ್ದರೆ ಒಳ್ಳೆಯ ಕಂಡೆನ್ಸರೂ ಕೆಲಸಕ್ಕೆ ಬಾರದು. ಗೌಡರಿಗೆ ಮರ್ಯಾದೆ ಮಾಡಲು ಹೋಗಿ ಇವರು ಕೀರಲನ್ನೆಲ್ಲ ಗುಡಿಸಿ ಅವರೊಬ್ಬರ ಕಿವಿಗೇ ಸುರಿದಿದ್ದರು.

ಪರಿಹಾರಕ್ಕೂ ಮರ್ಯಾದೆಯೇ ಅಡ್ಡ ಬಂತು. “ಪೆಟ್ಟಿಗಿ ಆ ಕಡೆ ತಿರುಗಿಸಿದ್ರ ಗೌಡ್ರಿಗೆ ಬೆನ್ನ ತೋರಿಸಿದಂಗ ಆಗತೈತಿ,” ಎಂದರು ಮಾಲಕರು. ಬೆನ್ನು ಬೇಡ, ಓರೆ ಸಾಕು ಎಂದೆ. ಪೆಟ್ಟಿಗೆಯನ್ನು ರಂಗದ ಅಂಚಿಗೆ ಸರಿಸಿ, ಮುಂಭಾಗದ ಕೆಳಗೆ ಇಟ್ಟಿಗೆ ಇಟ್ಟು ಮೇಲ್ಮುಖ ಮಾಡಿ, ವಸಂತನ ತಲೆಯ ಕಡೆಗೆ ಓರೆಯಾಗಿ ನಿಲ್ಲಿಸಿದೆವು. ಗುಂಡಿಯನ್ನು ಅವನೇ ಹೊಂದಿಸಿಕೊಂಡ. ಆ ದಿನದ ಆಟಕ್ಕೆ ಗೌಡರು ಬಂದರು. ಕೊನೆಯ ಹಾಡಿನ ತನಕ ಕೂತರು.

ಮರುದಿನ ಅವರು ಮಾಲಕರನ್ನು ಕೇಳಿದರಂತೆ: “ಪೆಟ್ಟಿಗಿ ಬದಲಿ ಮಾಡೀರೇನ?”

“ಇಲ್ರಿ ಗೌಡ್ರ. ಓರಿ ಮಾಡೀವ್ರಿ.”

ಈರಪ್ಪ ಮಾಸ್ತರರು ಕಂಪನಿಯಲ್ಲೇ ಉಳಿದರು. ಆದರೆ ಅವರನ್ನು ಕೆಲಸದಿಂದ ತೆಗೆಯುವ ಮಾತು ಎಲ್ಲರೆದುರು ಆಡಿದ ಮಾಲಕರು, ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದನ್ನು ಯಾರೂ ಕೇಳಲಿಲ್ಲ.

ಕೆಲವು ತಿಂಗಳ ಮೇಲೆ ಕಂಪನಿ ವಿಜಾಪುರಕ್ಕೆ ಬಂತು. ಆಟಕ್ಕೆ ಮೊದಲು ನಾನು ಪೆಟ್ಟಿಗೆ ನೋಡಲು ಹೋದಾಗ, ಮಾಸ್ತರರು ತಮ್ಮ ಪೇಟಿಯನ್ನು ರಂಗದ ಇನ್ನೊಂದು ತುದಿಗೆ ಒಯ್ದಿಟ್ಟಿದ್ದರು, ಕೈ ಎಷ್ಟು ಚಾಚಿದರೂ ಗುಂಡಿಗೆ ಎಟುಕದಷ್ಟು ದೂರ. ನನ್ನನ್ನು ಕಂಡು ಎದ್ದು ಬಂದು, ಜೇಬಿನಿಂದ ಬಳಪ ತೆಗೆದು ನನ್ನ ಕೈಗೆ ಕೊಟ್ಟರು.

“ಗುರ್ತ ಹಾಕ್ರಿ ಸಾಹೇಬ್ರ. ನಾಕ ಮಂದಿ ನೋಡೂಹಂಗ ಹಾಕ್ರಿ.”

“ಈಗ ನಿಮ್ಮ ಮ್ಯಾಲ ಯಾರಿಗೂ ಸಂಶೇ ಇಲ್ಲಲ್ರಿ ಮಾಸ್ತರ.”

“ಇಲ್ಲಂತ ನಿಮಗ ಯಾರ್ ಹೇಳಿದ್ರು?”

ನಾಲ್ಕು ಮಂದಿಗೆ ಕಾಣುವಂತೆ ದಪ್ಪಗೆ ಗುರುತು ಹಾಕಿದೆ. ಅಂದಿನಿಂದ ಯಾರೇ ದನಿ ಕೆಟ್ಟಿದೆ ಎಂದು ಅಂಗಡಿಗೆ ಬಂದರೂ, ಯಾರು ಕೆಡಿಸಿದರು ಎಂದು ಅವರು ಹೇಳುವ ಮೊದಲೇ, ನೀವು ಎಲ್ಲಿ ಕೂತು ಕೇಳಿದಿರಿ ಎಂದು ಕೇಳಿಬಿಡುತ್ತೇನೆ.