ರೋಲರಿಗೆ ತೊಡಿಸಿದ ಜಾಲರಿ

ಕುಂಬಾರಕೊಪ್ಪಲಿನಲ್ಲಿ ಹಪ್ಪಳ ಮಾಡುವ ಶೆಡ್ಡಿಗೆ ಹೊಸ ಮೆಷಿನ್ ಕೂರಿಸಲು ಹೋಗಿದ್ದೆ. ಹಿಟ್ಟು ಲಟ್ಟಿಸುವ ರೋಲರಿಗೆ ಬಳೆ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. "ಬಳೆ ತೆಗೆದಿಟ್ಟು ಕೆಲಸಕ್ಕೆ ನಿಲ್ಲಿ" ಅಂದೆ.

"ಮುತ್ತೈದೇರಿಗೆ ಅಂಗೆಲ್ಲ ಹೇಳ್ಬಾರ್ದು ಕಣ್ರೀ" ಎಂದು ಹೆಂಗಸರು ರೇಗಿದರು. ನನಗೂ ಸಿಟ್ಟು ಬಂತು. ಮೂಲೆಯಲ್ಲಿ ಹಿಟ್ಟು ನಾದುತ್ತಿದ್ದ ಒಬ್ಬರ ಬರಿಗೈ ಕಣ್ಣಿಗೆ ಬಿತ್ತು.

"ಅವರನ್ನ ನೋಡಿ ಕಲೀರಿ. ನಾನು ಹೇಳೋಕೆ ಮುಂಚೇನೇ ತೆಗೆದಿದ್ದಾರೆ!"

ಆಕೆ ತಲೆ ಎತ್ತದೆಯೇ ಹೇಳಿದರು: "ನಾನ್ ತೆಗೀಲಿಲ್ಲ ಸಾರ್. ಹೋದ ತಿಂಗಳು ನಮ್ಮನೆಯವರು ತೀರ್ಕೊಂಡ್ರಲ್ಲ, ಆಗ ಎಲ್ಲಾ ಸೇರಿ ಒಡೆದ್ಬುಟ್ರು."

ಆಮೇಲೆ ಬಳೆಯ ಮಾತನ್ನು ನಾನೂ ಎತ್ತಲಿಲ್ಲ, ಆ ಹೆಂಗಸರೂ ಎತ್ತಲಿಲ್ಲ. ರೋಲರಿಗೇ ಕಬ್ಬಿಣದ ಜಾಲರಿ ತೊಡಿಸಿದೆ. ಮೆಷಿನ್ನಿಗೆ ಏನು ತೊಡಿಸಿದರೂ, ಯಾವಾಗ ಬಿಚ್ಚಿದರೂ, ಊರಲ್ಲಿ ಯಾರೂ ಏನೂ ಅನ್ನುವುದಿಲ್ಲ.