ಶಿರಾ ಮೈದಾನದಲ್ಲಿ ನಾನು ಕೂಗಿದ ಹೆಸರು

ಹರ್ಷಿತ, ಮಾನಸ,

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಶಿರಾದಲ್ಲಿ ಏನು ನಡೆಯಿತು ಎಂದು ನೀವಿಬ್ಬರೂ ಫೋನಿನಲ್ಲಿ ಕೇಳುತ್ತಲೇ ಇದ್ದೀರಿ. ಅಜ್ಜಿ ಮೈದಾನದಲ್ಲಿ ಕೂಗಿಕೊಂಡಳಂತೆ, ನಿಜವೇ ಎಂದು. ನೀವು ಕೇಳಿದಾಗಲೆಲ್ಲ ನಾನು ಒಲೆಯ ಮೇಲೆ ಸಾರು ಇದೆ ಎಂದು ಹೇಳಿ ಫೋನು ಇಟ್ಟುಬಿಡುತ್ತೇನೆ. ಒಲೆಯ ಮೇಲೆ ಏನೂ ಇರುವುದಿಲ್ಲ. ಬಾಯಿಬಿಟ್ಟು ಹೇಳುವುದಕ್ಕೆ ನನಗೆ ನಾಚಿಕೆ. ಬರೆಯುವಾಗಾದರೆ ಎದುರಿಗೆ ಯಾರೂ ಇರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗೌಡಗೆರೆಯ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಓದು ನಿಲ್ಲಿಸಿದವಳು ನಾನು. ತಪ್ಪುಗಳಿದ್ದರೆ ನಗಬೇಡಿ.

ಮಧುಗಿರಿಯಲ್ಲಿ ನಮ್ಮ ಫುಟ್‌ಬಾಲ್ ತಂಡವನ್ನು ಬೆಟ್ಟದ ಬುಡದ ತಂಡ ಎನ್ನುತ್ತಾರೆ. ಆಡುವವರೆಲ್ಲ ಕೋಟೆ ಬೆಟ್ಟದ ಕೆಳಗಿನ ಬೀದಿಗಳವರು. ನಿಮ್ಮ ತಾತ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದಾಗ ಈ ತಂಡಕ್ಕೆ ಗೋಲಿಯಾಗಿದ್ದರು. ಗೋಲಿನ ಮುಂದೆ ನಿಂತು ಚೆಂಡು ತಡೆಯುವವನನ್ನು ಹಾಗೆ ಕರೆಯುತ್ತಾರೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಹೆಂಗಸರು ಮೈದಾನದ ಕಡೆ ಹೋಗುತ್ತಿರಲಿಲ್ಲ. ನೀರಿಗೆ ಹೋಗುವ ನೆಪದಲ್ಲಿ ಬೆಟ್ಟದ ಬುಡದ ಬಂಡೆ ಹತ್ತಿ, ಕೊಡವನ್ನು ಪಕ್ಕದಲ್ಲಿಟ್ಟುಕೊಂಡು ನೋಡುತ್ತಿದ್ದೆ. ಅಲ್ಲಿಂದ ಆಟಗಾರರು ಇರುವೆಗಳ ಹಾಗೆ ಕಾಣುತ್ತಿದ್ದರು. ಆದರೂ ಮೊಣಕಾಲ ಮೇಲೆ ಎರಡೂ ಕೈ ಊರಿ ಬಾಗಿ ನಿಂತ ಇರುವೆ ಯಾರದು ಎಂದು ನನಗೆ ಗೊತ್ತಿತ್ತು. ಒಂದು ದಿನ ಆಟದಲ್ಲಿ ಮೈಮರೆತು ಖಾಲಿ ಕೊಡ ಹೊತ್ತೇ ಮನೆಗೆ ಬಂದುಬಿಟ್ಟೆ. ನಮ್ಮತ್ತೆ ಕೊಡದೊಳಗೆ ಇಣುಕಿ ನೋಡಿ, ಇವತ್ತು ನಲ್ಲಿಯವನು ಗೋಲು ಹೊಡೆದನಾ ಎಂದು ಕೇಳಿದ್ದರು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

ವಯಸ್ಸಾದ ಮೇಲೆ ನಿಮ್ಮ ತಾತ ಹುಡುಗರಿಗೆ ಆಟ ಹೇಳಿಕೊಡಲು ನಿಂತರು. ತಂಡದ ಜೆರ್ಸಿಗಳೆಲ್ಲ ಒಗೆಯಲು ನಮ್ಮ ಮನೆಗೇ ಬರುತ್ತಿದ್ದವು. ಅವರು ತೀರಿಕೊಂಡ ಮೇಲೆ ಇನ್ನು ಆ ಗಂಟು ಬರುವುದಿಲ್ಲ ಎಂದುಕೊಂಡಿದ್ದೆ. ತಿಥಿ ಮುಗಿದ ವಾರವೇ ಮೂರ್ತಣ್ಣ ತಂದು ಹಿತ್ತಲ ಕಲ್ಲಿನ ಮೇಲೆ ಇಟ್ಟು ಹೋದರು. ಮೂರ್ತಣ್ಣ ಎಂದರೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವವರು. ಒಂದು ಕಾಲದಲ್ಲಿ ನಿಮ್ಮ ತಾತನ ಜೊತೆ ಆಡಿದವರು, ಈಗ ತಂಡ ನಡೆಸುವವರು. ಆ ದಿನ ಅವರು ಗಂಟು ತಾರದೆ ಹೋಗಿದ್ದರೆ ನಾನು ಮೂಲೆಯಿಂದ ಏಳುತ್ತಿದ್ದೆನೋ ಇಲ್ಲವೋ.

ಬಟ್ಟೆ ಒಗೆಯುವವಳಿಗೆ ಆಟ ಗೊತ್ತಾಗದೆ ಇರುವುದಿಲ್ಲ. ನಮ್ಮ ಕ್ಯಾಪ್ಟನ್ ಇಮ್ರಾನ್ ಆಟೋ ಓಡಿಸುತ್ತಾನೆ. ಕಾಲಿನಲ್ಲಿ ಗಾಳಿ ಕಟ್ಟಿಕೊಂಡವನ ಹಾಗೆ ಓಡುತ್ತಾನೆ, ಅವನ ಅಂಗಿಯನ್ನು ಹಿಂಡಿದರೆ ಉಪ್ಪುನೀರು ಇಳಿಯುತ್ತದೆ. ಆದರೆ ಚೆಂಡು ಸಿಕ್ಕಿದರೆ ಒಬ್ಬಳೇ ಮಗಳನ್ನು ಮದುವೆ ಮಾಡಿ ಕಳಿಸಬೇಕಾದ ಅಪ್ಪನ ಹಾಗೆ ಆಡುತ್ತಾನೆ, ಇನ್ನೊಬ್ಬರ ಕೈಗೆ ಕೊಡಲು ಅವನಿಗೆ ಮನಸ್ಸೇ ಬರುವುದಿಲ್ಲ. ನಾಗಲಮಡಿಕೆ ಕಡೆಯಿಂದ ಬಂದು ನೆಲೆಸಿದ ಓಬಳೇಶ ಹಿಂದೆ ನಿಂತು ಕಾಯುವವನು. ಗಟ್ಟಿ ಆಳು, ಒಳ್ಳೆಯವನು. ಮದುವೆಯಾದ ಮೇಲೆ ಹೊಟ್ಟೆ ಮುಂದೆ ಹೋಯಿತು, ಕಾಲು ಹಿಂದೆ ಉಳಿಯಿತು. ಗೋಲು ಬಿದ್ದರೂ "ಪೋನೀಲೇ" ಎಂದು ತೆಲುಗಿನಲ್ಲಿ ಹೇಳಿ ಸುಮ್ಮನಾಗುತ್ತಾನೆ. ಹೋಗಲಿ ಬಿಡು ಎಂದು ಅರ್ಥ. ಆ ವರ್ಷ ಅವನು ಅದನ್ನು ಬಹಳ ಸಲ ಹೇಳಬೇಕಾಯಿತು.

ಕಡಲೆಕಾಯಿ ಕಿತ್ತ ಮೇಲೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ತಂಡಗಳು ಸೇರಿ ಪಂದ್ಯಾವಳಿ ನಡೆಸುತ್ತವೆ. ಕಡೆಯ ಸ್ಥಾನಕ್ಕೆ ಬಂದವರನ್ನು ಮುಂದಿನ ವರ್ಷ ಕರೆಯುವುದಿಲ್ಲ. ನಮ್ಮವರು ಕೊರಟಗೆರೆಯಲ್ಲಿ ಸೋತರು, ಪಾವಗಡದಲ್ಲಿ ಸೋತರು, ಮನೆಯ ಅಂಗಳದಂಥ ನಮ್ಮ ಮೈದಾನದಲ್ಲೂ ಒಂದು ಆಟ ಬಿಟ್ಟು ಉಳಿದವನ್ನೆಲ್ಲ ಸೋತರು. ಉಳಿದದ್ದು ಶಿರಾದ ಆಟವೊಂದೇ. ಕಡೆಯ ಸ್ಥಾನ ತಪ್ಪಲು, ಗೆಲ್ಲದಿದ್ದರೂ ಸಮ ಮಾಡಿಕೊಂಡರೆ ಸಾಕಿತ್ತು. ಮೂರ್ತಣ್ಣ ಬೇಸತ್ತು ಹೋಗಿದ್ದರು. ಶಿರಾದಲ್ಲಿ ಸೋತರೆ ತಂಡಕ್ಕೆ ಬೀಗ ಹಾಕುತ್ತೇನೆ, ಬಲೆ ಚೆಂಡು ಎಲ್ಲವನ್ನೂ ಶಾಲೆಗೆ ಕೊಟ್ಟುಬಿಡುತ್ತೇನೆ ಎಂದು ನಮ್ಮ ಜಗಲಿಯ ಮೇಲೆ ಕೂತೇ ಹೇಳಿದರು. ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಆ ಮಾತು ಕೇಳಿ ಕಾಫಿ ಲೋಟದ ಆಚೆಗೆ ಹೋಯಿತು.

ಎಲ್ಲರೂ ಬೈಯುತ್ತಿದ್ದದ್ದು ಗೋಲಿಯನ್ನು. ಬೈಕ್ ಗ್ಯಾರೇಜಿನಲ್ಲಿ ಕೆಲಸ ಮಾಡುವ ಉದ್ದನೆಯ, ಮಾತು ಕಡಿಮೆಯ ಹುಡುಗ. ಅದರ ಹಿಂದಿನ ವರ್ಷ ಚೆಂಡು ತಡೆಯಲು ಹೋಗಿ ಬೆರಳು ಮುರಿದುಕೊಂಡಿದ್ದ. ಬೆರಳು ಕೂಡಿಕೊಂಡಿತು, ಆದರೆ ಅವನ ಜೆರ್ಸಿಗೆ ಮಣ್ಣಾಗುವುದು ನಿಂತುಹೋಯಿತು. ಮೊದಲೆಲ್ಲ ಸೋಪು ಸವೆಯುವಷ್ಟು ಉಜ್ಜಬೇಕಿತ್ತು. ಅಂಗಿ ಮಡಿಸಿದ ಹಾಗೇ ಬರುತ್ತಿದೆ ಎಂದರೆ ಹುಡುಗ ನೆಲಕ್ಕೆ ಬೀಳುತ್ತಿಲ್ಲ, ಚೆಂಡಿಗೆ ಹೆದರುತ್ತಿದ್ದಾನೆ ಎಂದು ನನಗೆ ಅನ್ನಿಸಿತ್ತು. ಯಾರಿಗೂ ಹೇಳಲಿಲ್ಲ. ನನ್ನನ್ನು ಕೇಳಿದವರಾದರೂ ಯಾರು? ಜೊತೆಯವರು ಅವನಿಗೆ ತೂತು ಬಿಂದಿಗೆ ಎಂದು ಹೆಸರಿಟ್ಟು, ಆಮೇಲೆ ಬರೀ ತೂತು ಎಂದೇ ಕರೆಯತೊಡಗಿದ್ದರು.

ನಾನೂ ಅವನ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅದಕ್ಕೆ ಕಾರಣ ಬೇರೆ. ಅವನದೂ ನಿಮ್ಮ ತಾತನದೂ ಒಂದೇ ಹೆಸರು. ನಮ್ಮ ಕಾಲದಲ್ಲಿ ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳಬಾರದು, ಹೇಳಿದರೆ ಗಂಡನ ಆಯಸ್ಸಿಗೆ ಕೇಡು ಎನ್ನುತ್ತಿದ್ದರು. ರೇಷನ್ ಕಾರ್ಡು ಬರೆಸಲು ಹೋದಾಗ ಗುಮಾಸ್ತರು ಗಂಡನ ಹೆಸರೇನಮ್ಮ ಎಂದರೆ ಪಕ್ಕದವಳ ಸೊಂಟ ತಿವಿದು ಅವಳ ಕೈಲಿ ಹೇಳಿಸುತ್ತಿದ್ದೆ. ದೇವರಿಗೆ ಕೈಮುಗಿಯುವಾಗಲೂ ಆಂಜನೇಯಸ್ವಾಮಿ ಎನ್ನುತ್ತಿದ್ದೆನೇ ಹೊರತು ಆ ಇನ್ನೊಂದು ಹೆಸರು ಎತ್ತಿದವಳಲ್ಲ. ಅವರು ಹೋದ ಮೇಲೂ ನಾಲಿಗೆ ಹಾಗೇ ಉಳಿದುಕೊಂಡಿತ್ತು. ಹಾಗಾಗಿ ಆ ಹುಡುಗನನ್ನು ಮಗಾ, ಬಾಪ್ಪಾ ಎಂದುಕೊಂಡೇ ಕಾಲ ಹಾಕಿದ್ದೆ.

ಶಿರಾಕ್ಕೆ ನಾನು ಆಟ ನೋಡಲೆಂದು ಹೊರಟವಳಲ್ಲ. ಅಲ್ಲಿ ನನ್ನ ತಂಗಿಯ ಮನೆಯಲ್ಲಿ ಬಾಣಂತಿ ಇದ್ದಳು, ಮಗು ನೋಡಬೇಕಿತ್ತು. ಹುಡುಗರು ಹೊರಟ ಟೆಂಪೋದಲ್ಲೇ ಮೂರ್ತಣ್ಣ ನನ್ನನ್ನೂ ಹತ್ತಿಸಿಕೊಂಡರು. ಅರ್ಧ ಆಟಕ್ಕೆ ಹುಡುಗರು ತಿನ್ನಲೆಂದು ಪ್ರತಿ ಪಂದ್ಯಕ್ಕೂ ನಾನು ಕಡಲೆಕಾಯಿ ಬೇಯಿಸಿ ಕಳಿಸುತ್ತಿದ್ದೆ. ಆ ದಿನ ಡಬರಿಯನ್ನು ನಾನೇ ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಮಗು ನೋಡಿ, ಅರಿಶಿನ ಕುಂಕುಮದ ಹೊತ್ತಿಗೆ ನಾನೇ ಒಂದು ಕಡೆಗೆ ಸರಿದು, ಮಧ್ಯಾಹ್ನ ಮೈದಾನಕ್ಕೆ ಬಂದೆ. ಬೇವಿನ ಮರದ ಕೆಳಗೆ ಸೆರಗು ಹೊದ್ದು ಕೂತೆ. ಅಷ್ಟು ಹತ್ತಿರದಿಂದ ಆಟ ನೋಡಿದ್ದು ಅದೇ ಮೊದಲು. ಕಾಲಿಗೆ ಕಾಲು ತಾಗುವ ಸದ್ದೂ ಕೇಳುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಶಿರಾದವರು ಬೇಗನೆ ಒಂದು ಗೋಲು ಹೊಡೆದರು. ಚೆಂಡು ನಮ್ಮ ಗೋಲಿಯ ಪಕ್ಕದಲ್ಲೇ ಹೋಯಿತು, ಅವನು ಮುಖ ತಿರುಗಿಸಿದ. ಎರಡನೆಯದು ಕಾಲ ಸಂದಿಯಲ್ಲಿ ನುಸುಳಿತು. ಶಿರಾದವರು ಕುಣಿದರು, ಅದು ಸರಿ. ಆದರೆ ಅವನನ್ನು ಹರಿದು ತಿಂದವರು ಟೆಂಪೋದ ಹಿಂದೆ ಬೈಕುಗಳಲ್ಲಿ ಬಂದಿದ್ದ ನಮ್ಮ ಊರಿನವರೇ.

"ಲೇ ತೂತು, ನಿನ್ನ ಬದ್ಲು ನಮ್ಮನೆ ಎಮ್ಮೆ ನಿಲ್ಸಿದ್ರೆ ವಾಸಿ ಕಣ್ಲಾ. ಅಡ್ಡನಾದ್ರೂ ಮಲಗ್ತದೆ."

ಸುತ್ತ ನಿಂತವರೆಲ್ಲ ನಕ್ಕರು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆನೇನೋ.

ಅರ್ಧ ಆಟಕ್ಕೆ ಸೀಟಿ ಊದಿದರು. ಹುಡುಗರು ಬಂದು ಬೇವಿನ ಮರದ ಕೆಳಗೆ ಕುಸಿದರು. ಗೋಲಿ ಕೂರಲಿಲ್ಲ. ಕೈಗವಸುಗಳನ್ನು ಬಿಚ್ಚಿ ಮೂರ್ತಣ್ಣನ ಮುಂದೆ ಇಟ್ಟು, "ನನ್ ಕೈಲಾಗಲ್ಲ ಕಣಣ್ಣ. ಬೇರೆ ಯಾರನ್ನಾದ್ರೂ ನಿಲ್ಸು," ಎಂದ. ಮೂರ್ತಣ್ಣ ಬೇರೆ ಕಡೆ ನೋಡುತ್ತ, ಹೋಗೋನು ಹೋಗ್ಲಿ ಬುಡು ಎಂದರು. ಬೇರೆ ಗೋಲಿ ಇದ್ದರೆ ತಾನೇ? ಹುಡುಗ ಗೇಟಿನ ಕಡೆ ನಡೆಯತೊಡಗಿದ. ಇಮ್ರಾನ್ ಎದ್ದು ನಿಂತು, ಲೇ ತೂತು, ಬಾರ್ಲಾ ಎಂದು ಕರೆದ. ಅವನ ನಡಿಗೆ ಇನ್ನೂ ಬಿರುಸಾಯಿತು.

ಅವನು ಆ ಗೇಟು ದಾಟಿದರೆ ತಂಡ ಮುಗಿಯಿತು ಎಂದು ನನಗೆ ಗೊತ್ತಿತ್ತು. ನಿಮ್ಮ ತಾತ ನಿಂತ ಜಾಗದಲ್ಲಿ ಇನ್ನು ಯಾರೂ ನಿಲ್ಲುವುದಿಲ್ಲ. ಮಗಾ ಎಂದು ಕರೆದೆ. ಅಷ್ಟು ದೊಡ್ಡ ಮೈದಾನದಲ್ಲಿ ಮಗಾ ಎಂದರೆ ಯಾರು ತಿರುಗುತ್ತಾರೆ? ಇನ್ನೊಮ್ಮೆ ಕರೆದೆ. ಗೇಟು ಹತ್ತಿರವಾಯಿತು. ಆಗ ನಾನು ಎದ್ದು ನಿಂತು ಕೂಗಿಬಿಟ್ಟೆ.

"ಹನುಮಂತರಾಯಾ!"

ಆ ದನಿ ನನ್ನದು ಎಂದು ನನಗೇ ಅನ್ನಿಸಲಿಲ್ಲ. ಚುರುಮುರಿ ಮಾರುವವನೂ ಕೈ ನಿಲ್ಲಿಸಿ ನೋಡಿದ. ಸೆರಗು ಜಾರಿ ತಲೆ ಬರಿದಾಗಿತ್ತು, ಅದೂ ಗೊತ್ತಾಗಲಿಲ್ಲ. ಎಲ್ಲರಿಗಿಂತ ಮೊದಲು ತಿರುಗಿದವರು ಮೂರ್ತಣ್ಣ. ಅವರಿಗೆ ನನ್ನ ಸಂಕೋಚ ಗೊತ್ತು, ಆ ಹೆಸರು ಯಾರದು ಎಂದೂ ಗೊತ್ತು. ಅವರ ಕಣ್ಣು ತುಂಬಿಕೊಂಡಿತು.

ಹುಡುಗ ನಿಂತ. ತಿರುಗಿದ. ಆ ವರ್ಷವೆಲ್ಲ ಮೈದಾನದಲ್ಲಿ ಅವನ ಹೆಸರನ್ನು ಯಾರೂ ಕೂಗಿರಲಿಲ್ಲವಲ್ಲ. ನಿಧಾನವಾಗಿ ನಡೆದು ನನ್ನ ಹತ್ತಿರಕ್ಕೇ ಬಂದ. ಡಬರಿ ಮುಂದಕ್ಕೆ ಹಿಡಿದು, "ಕಡ್ಲೇಕಾಯೇ ತಿನ್ಲಿಲ್ವಲ್ಲಪ್ಪ," ಎಂದೆ.

ಅವನು ನನ್ನ ಪಕ್ಕದಲ್ಲಿ ಕೂತು ಒಂದು ಕಾಯಿ ಸುಲಿದ. ಮುರಿದಿದ್ದ ಬೆರಳು ಸೊಟ್ಟಗೆ ಕೂಡಿತ್ತು. ನೆಲ ನೋಡಿಕೊಂಡೇ ಹೇಳಿದ, "ಬಾಲು ಬಂದ್ರೆ ಕಣ್ಣು ತಾನಾಗೇ ಮುಚ್ಕೊಂಡೋಯ್ತದೆ ಕಣಜ್ಜಿ. ನಾನೇನ್ ಮಾಡ್ಲಿ? ನಿಮ್ಮನೆಯೋರು ಎಂಥ ಗೋಲಿ ಅಂತಾರೆ ಎಲ್ರೂವೆ. ಅವ್ರ ಹೆಸರಿಟ್ಕಂಡು ನಾನು ಇಂಗೆ."

"ಅವ್ರೂ ಹೆದರ್ತಿದ್ರು ಕಣಪ್ಪ," ಎಂದೆ ನಾನು. "ಆಟ ಇದ್ದ ದಿನ ಒಂದು ತುತ್ತು ಒಳಗೆ ಹೋಗ್ತಿರ್ಲಿಲ್ಲ. ವಾಂತಿ ಮಾಡ್ಕೊಂಡು, ಬಾಯಿ ತೊಳ್ಕೊಂಡು, ಆಮ್ಯಾಕೆ ಹೋಗ್ತಿದ್ರು."

ಇದು ಮೂರ್ತಣ್ಣನಿಗೂ ಗೊತ್ತಿಲ್ಲದ ಮಾತು. ನಿಮ್ಮ ತಾತ ಬಚ್ಚಲಲ್ಲಿ ತಂಬಿಗೆ ನೀರು ಸುರಿಯುವ ಸದ್ದಿನಲ್ಲಿ ಅದನ್ನು ಮುಚ್ಚಿಕೊಳ್ಳುತ್ತಿದ್ದರು. ಹುಡುಗ ನನ್ನ ಮುಖ ನೋಡಿದ. "ನಿಜ್ವಾ ಅಜ್ಜಿ?" ಎಂದ. ನಾನು ತಲೆಯಾಡಿಸಿದೆ. ಅವನು ಇನ್ನಷ್ಟು ಕಡಲೆಕಾಯಿ ಬಾಚಿ ಬಾಯಿಗೆ ಹಾಕಿಕೊಂಡು, ಎದ್ದು ಹೋಗಿ ಮೂರ್ತಣ್ಣನ ಮುಂದಿದ್ದ ಕೈಗವಸುಗಳನ್ನು ಎತ್ತಿಕೊಂಡ.

ಆಮೇಲೆ ಅವನು ಬಿದ್ದ ರೀತಿಯನ್ನು ನೀವು ನೋಡಬೇಕಿತ್ತು. ಬಲಕ್ಕೆ ಬಿದ್ದ, ಎಡಕ್ಕೆ ಬಿದ್ದ, ಸುಮ್ಮನೆ ಬಿಟ್ಟರೂ ಹೊರಗೆ ಹೋಗುತ್ತಿದ್ದ ಚೆಂಡಿಗೂ ಬಿದ್ದ. ಇಮ್ರಾನನಿಗೆ ಏನಾಯಿತೋ, ಒಮ್ಮೆ ಚೆಂಡನ್ನು ಇನ್ನೊಬ್ಬರಿಗೆ ಕೊಟ್ಟ. ಓಬಳೇಶ ಹೊಟ್ಟೆ ಹೊತ್ತು ಶಿರಾದವರ ಗೋಲಿನವರೆಗೆ ಓಡಿ ಹೋಗಿ ತಲೆಯಿಂದ ಅದನ್ನು ಬಲೆಗೆ ಹಾಕಿದ. ಕೊನೆಗೆ ಶಿರಾದ ಆಟಗಾರನೊಬ್ಬ ಒಂಟಿಯಾಗಿ ನುಗ್ಗಿ ಬಂದು ಬಾರಿಸಿದ. ನಮ್ಮ ಹುಡುಗ ಕಣ್ಣು ಮುಚ್ಚಲಿಲ್ಲ. ಕೈಗೆ ಸಿಗದ ಚೆಂಡನ್ನು ಮುಖದಲ್ಲಿ ತಡೆದ. ಮೂಗಿನಿಂದ ರಕ್ತ ಸುರಿಯಿತು. ಎಮ್ಮೆಯ ಮಾತಾಡಿದವನೇ ತನ್ನ ಕರ್ಚೀಫು ಹಿಡಿದು ಒಳಗೆ ಓಡಿದ.

ಆದರೂ ಸೋತೆವು. ಒಂದಕ್ಕೆ ಎರಡು. ಸಮ ಮಾಡಿಕೊಳ್ಳಲು ಆಗಲಿಲ್ಲ.

ಟೆಂಪೋ ಹತ್ತಿದೆವು. ಮೂರ್ತಣ್ಣ ಮುಂದೆ ಡ್ರೈವರನ ಪಕ್ಕದಲ್ಲಿ, ನಾನು ಅವರ ಹಿಂದೆ. ಹೊಲಗಳ ಮೇಲೆ ಬಿಸಿಲು ಇಳಿಯುತ್ತಿತ್ತು. ನಿಮ್ಮ ತಾತ ಯೌವನದಲ್ಲಿ ಒಮ್ಮೆ, ನೀನು ಬಂಡೆ ಮೇಲಿಂದ ನನ್ನ ಹೆಸರು ಕೂಗಿದರೆ ಚೆಂಡು ಬಿಟ್ಟು ನಿನ್ನನ್ನೇ ನೋಡುತ್ತೇನೆ ಎಂದು ಕೆಣಕಿದ್ದರು. ನಾನು ಕಿವಿ ಮುಚ್ಚಿಕೊಂಡು ಒಳಗೆ ಓಡಿದ್ದೆ. ಅವರ ಹೆಸರು ನನ್ನ ದನಿಯಲ್ಲಿ ಹೇಗೆ ಕೇಳಿಸುತ್ತದೆ ಎಂದು ಅವರಿಗೆ ಗೊತ್ತಾಗಲೇ ಇಲ್ಲವಲ್ಲ ಎಂದು ಆಗ ದುಃಖ ಒತ್ತಿ ಬಂತು. ಕಿಟಕಿಯ ಕಡೆ ತಿರುಗಿ ಕೂತೆ.

ಹಿಂದಿನಿಂದ ಹನುಮಂತರಾಯನ ದನಿ ಬಂತು. ಮೂಗಿಗೆ ಹತ್ತಿ ತುರುಕಿಕೊಂಡಿದ್ದರಿಂದ ಮಾತು ಗೊಣಗೊಣ ಎನ್ನುತ್ತಿತ್ತು.

"ಮೂರ್ತಣ್ಣ, ನಾಳೆ ಪ್ರಾಕ್ಟೀಸು ಎಷ್ಟೊತ್ಗೆ?"

ಬೀಗ ಹಾಕುತ್ತೇನೆ ಎಂದವರು ಏನು ಹೇಳುತ್ತಾರೋ ಎಂದು ನಾನು ಕಿಟಕಿಯಿಂದ ಈ ಕಡೆ ತಿರುಗಿದೆ. ಮೂರ್ತಣ್ಣ ಹಿಂದಕ್ಕೆ ತಿರುಗದೆಯೇ, "ಐದೂವರೆಗೆ. ತಡವಾಗಿ ಬಂದ್ರೆ ಒಳಕ್ಕೆ ಬುಡಲ್ಲ," ಎಂದರು.

ಈ ವರ್ಷ ನಮ್ಮ ತಂಡ ಪಂದ್ಯಾವಳಿಯಲ್ಲಿ ಇಲ್ಲ. ಕೊಡಿಗೇನಹಳ್ಳಿಯ ಹುಡುಗರ ಜೊತೆ ಸುಮ್ಮನೆ ಆಡುತ್ತಾರೆ, ಹೆಚ್ಚಾಗಿ ಸೋಲುತ್ತಾರೆ. ಸಂಜೆ ನಾನೂ ಹೋಗಿ ಗೆರೆಯ ಪಕ್ಕದ ಕಲ್ಲಿನ ಮೇಲೆ ಕೂರುತ್ತೇನೆ. ಹನುಮಂತರಾಯ ಎಂದು ಕರೆದರೆ ಹುಡುಗ ಓ ಎನ್ನುತ್ತಾನೆ. ದಿನಕ್ಕೊಂದು ಸಲವಾದರೂ, ಕೆಲಸವಿಲ್ಲದಿದ್ದರೂ, ಕರೆಯುತ್ತೇನೆ. ನನ್ನ ನಾಲಿಗೆಗೆ ಆ ಹೆಸರು ಇಷ್ಟು ಹಿತವಾಗಿರುತ್ತದೆ ಎಂದು ಮೊದಲೇ ತಿಳಿದಿದ್ದರೆ ಎಂದು ಆಗಾಗ ಅನ್ನಿಸುತ್ತದೆ.

ಇನ್ನು ನೀವು ಫೋನಿನಲ್ಲಿ ಇದನ್ನು ಕೇಳಬೇಡಿ, ನನಗೆ ಇನ್ನೂ ಹೇಳಲು ಬರುವುದಿಲ್ಲ. ಈ ಹಾಳೆಗಳನ್ನು ಇಲಿ ತಿನ್ನದ ಕಡೆ, ನೀರು ತಾಗದ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ. ನಿಮ್ಮ ತಾತನ ಹೆಸರನ್ನು ನಾನು ಕೈಯಾರೆ ಬರೆದದ್ದು ಇದರಲ್ಲಿ ಮಾತ್ರ.

ನಿಮ್ಮ ಅಜ್ಜಿ