ಜೋಡಿ ಶಬ್ದ ಮತ್ತು ಅಣ್ಣನ ಮೂಗು

ಇಂಗ್ಲಿಷು ಐದನೇ ಇಯತ್ತೆಯವರೆಗೆ ನಮ್ಮ ತಂಟೆಗೇ ಬರದಿದ್ದ ಕಾಲ ಅದು. ಅಲ್ಲಿಯವರೆಗೆ ಬಿಸ್ಕಿಟ್ ಪುಡಿಕೆಯ ಮೇಲೋ ಲಾರಿಯ ಬೆನ್ನ ಮೇಲೋ ಅದನ್ನು ಕಂಡಿದ್ದೆವು ಅಷ್ಟೇ. ಕಮರಿಪೇಟೆಯ ನಮ್ಮ ಕನ್ನಡ ಸಾಲಿಯಲ್ಲಿ ಆ ಭಾಷೆಯನ್ನು ಕಲಿಯುವ ಮೊದಲೇ ನಾನು ಅದಕ್ಕೆ ಹೆದರುವುದನ್ನು ಕಲಿತೆ. ಆ ಪಾಠ ಮಾತ್ರ ಇಂದಿಗೂ ಮರೆತಿಲ್ಲ.

ಏಳನೇ ಇಯತ್ತೆಯಲ್ಲಿ ಇಂಗ್ಲಿಷ್ ಸರ್ ದಿನಾ 'ಜೋಡಿ ಶಬ್ದ' ಕೇಳುತ್ತಿದ್ದರು. ಕಿವಿಗೆ ಅಣ್ಣತಮ್ಮಂದಿರಂತಿದ್ದು ಅರ್ಥದಲ್ಲಿ ಸಂಬಂಧವೇ ಇಲ್ಲದ ಶಬ್ದಗಳು. ಡೆಸರ್ಟ್ ಅಂದರೆ ಮರುಭೂಮಿಯಂತೆ, ಡಿಸರ್ಟ್ ಅಂದರೆ ಊಟ ಮುಗಿದ ಮೇಲಿನ ಸಿಹಿಯಂತೆ. ಮರುಭೂಮಿಯನ್ನು ನಾವು ಕಂಡಿರಲಿಲ್ಲ. ಸಿಹಿಯನ್ನು ಊಟದ ಮೊದಲಿಗೇ ತಿಂದು ಮುಗಿಸುವ ಮನೆ ನಮ್ಮದು.

ಉತ್ತರ ಬಾರದವನು ನಿಂತೇ ಇರಬೇಕು. ಪ್ರಶ್ನೆ ಪಕ್ಕದವನಿಗೆ ಹೋಗುತ್ತಿತ್ತು. ಸರಿಯಾಗಿ ಹೇಳಿದವನು, ನಿಂತವನ ಮೂಗನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಕಪಾಳಕ್ಕೆ ಬಾರಿಸಬೇಕು. ಮೆಲ್ಲಗೆ ಬಾರಿಸಿದರೆ, ಹೇಗೆ ಬಾರಿಸಬೇಕೆಂದು ಸರ್ ಅವನ ಕಪಾಳದ ಮೇಲೆಯೇ ತೋರಿಸಿಕೊಡುತ್ತಿದ್ದರು.

ನನ್ನ ಪಕ್ಕದಲ್ಲಿ ಕೂಡುತ್ತಿದ್ದವನು ನನ್ನ ಖಾಸ ಅಣ್ಣ ಈರಣ್ಣ. ನಪಾಸಾಗಿ ನನ್ನ ಇಯತ್ತೆಗೇ ಬಂದು ಸೇರಿದ್ದ. ತಿರುಗುವ ಬುಗುರಿಯನ್ನು ನೆಲಕ್ಕೆ ಬಿಡದೆ ಅಂಗೈಗೆ ಎತ್ತಿಕೊಳ್ಳುವುದರಲ್ಲಿ ಇಡೀ ಓಣಿಗೆ ಅವನೇ ಮೊದಲು. ಆದರೆ ಇಂಗ್ಲಿಷ್ ತಾಸಿನಲ್ಲಿ ಆ ಎತ್ತರದ ಹುಡುಗ ಬೆಂಚಿನೊಳಗೆ ಮಡಚಿಕೊಂಡು ಕೂಡುತ್ತಿದ್ದ. ಸಾಲಿ ಸುರುವಾದ ದಿನ ಊಟಕ್ಕೆ ಕೂತಾಗಲೇ ಹೇಳಿಬಿಟ್ಟಿದ್ದ:

"ಗುರ್ಯಾ, ನಿನ್ನ ಕೈಲೆ ಹೊಡಸ್ಕೊಂಡ ದಿನಾ ನಾ ಸಾಲಿ ಬಿಡಾಂವ. ಗ್ಯಾರೇಜ್ ಸೇರತೇನಿ."

ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು, ಅಣ್ಣನ ಮೇಲೆ ಕೈ ಮಾಡಬೇಡ ಅಂದಳು. ಹಾಗಂತ ಉತ್ತರ ಹೇಳುವುದನ್ನೂ ಬಿಡಬೇಡ ಅಂದಳು. ಎರಡನ್ನೂ ಒಟ್ಟಿಗೆ ಮಾಡುವುದು ಹೇಗೆಂದು ಕೇಳಿದರೆ, ಒಲೆಯ ಮೇಲಿನ ಹಾಲು ನೆನಪಾಗಿ ಒಳಗೆ ಹೋದಳು.

ಬೇರೆ ಹುಡುಗರಿಗೆ ಉತ್ತರ ಬರದಿದ್ದರೆ ಹೆದರಿಕೆ. ನನಗೆ ಬಂದರೆ ಹೆದರಿಕೆ. ದಿನಾ ಬೆಳಿಗ್ಗೆ ಸರ್ ಅವರ ಸೈಕಲ್ಲು ಪಂಕ್ಚರ್ ಆಗಲಿ ಅಂತ ಮಠದ ಮುಂದೆ ನಿಂತು ಬೇಡಿಕೊಳ್ಳುತ್ತಿದ್ದೆ. ಅದು ಎಂದೂ ಆಗಲಿಲ್ಲ.

ದೀಪಾವಳಿ ಸೂಟಿಗೆ ಮುಂಚಿನ ಒಂದು ಮಧ್ಯಾಹ್ನ. ಬುತ್ತಿ ತಿಂದ ಕೈಗೆ ಇನ್ನೂ ಶೇಂಗಾ ಹಿಂಡಿಯ ಬಳ್ಳೊಳ್ಳಿ ವಾಸನೆ. ಸರ್ 'ಎಕ್ಸೆಪ್ಟ್' ಅಂದರೇನು ಅಂತ ಕೇಳಿದರು. ಈರಣ್ಣ ಎದ್ದು ನಿಂತು, ಒಪ್ಪಿಕೊಳ್ಳೂದು ಅಂದ. ಅದು 'ಆಕ್ಸೆಪ್ಟ್'. ಸರ್ ಕಣ್ಣು ನನ್ನ ಕಡೆ ತಿರುಗಿತು. ಗೊತ್ತಿಲ್ಲರಿ ಅನ್ನಬೇಕೆಂದು ಬಾಯಿ ತೆರೆದೆ. ಹೆದರಿಕೆಗೆ ನಾಲಿಗೆ ನನ್ನ ಮಾತು ಕೇಳಲಿಲ್ಲ. "ಹೊರತುರಿ, ಬಿಟ್ಟುರಿ" ಅಂದುಬಿಟ್ಟಿತು.

"ಛಲೋ. ಹೊಡಿ" ಅಂದರು ಸರ್.

ನಾನು ಗಿಡ್ಡ. ಅವನ ಮೂಗು ನನಗೆ ಎಟುಕುತ್ತಿರಲಿಲ್ಲ. ಅವ್ವನ ಮುಖ ಕಣ್ಣ ಮುಂದೆ ಬಂತು. ಆಗ ಈರಣ್ಣ ತಾನೇ ಬಾಗಿದ. ಬಾಗಿ, ಮೂಗನ್ನು ನನ್ನ ಕೈಯ ಹತ್ತಿರ ತಂದ. ಎಡಗೈಯಿಂದ ಹಿಡಿದೆ.

"ಗಟ್ಟಿ ಹೊಡಿ ತಮ್ಮಾ," ಅಂತ ಮೂಗಿನೊಳಗೇ ಪಿಸುಗುಟ್ಟಿದ, "ಇಲ್ಲಾಂದ್ರ ಸರ್ ನಿನಗ ಹೊಡೀತಾರ."

ಹೊಡೆದೆ. ಅಳು ಬಂದದ್ದು ನನಗೆ.

ಅಂದು ಸಂಜೆ ಅವನು ಬುಗುರಿ ಮುಟ್ಟಲಿಲ್ಲ. ಓಣಿಯ ಹುಡುಗರು ಆಗಲೇ ಅವ್ವನಿಗೆ ಸುದ್ದಿ ಮುಟ್ಟಿಸಿದ್ದರು. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವನ ಹಾಸಿಗೆ ಖಾಲಿ. ಗ್ಯಾರೇಜಿಗೇ ಹೋದ ಅಂದುಕೊಂಡೆ. ಚಹಾ ಅರ್ಧಕ್ಕೇ ಬಿಟ್ಟೆ. ಒಬ್ಬನೇ ಹೊರಬಿದ್ದರೆ, ಓಣಿಯ ಮೂಲೆಯಲ್ಲಿ ಪಾಟೀಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದ.

"ಎಷ್ಟ ಹೊತ್ತಲೇ. ಇವತ್ತಿನ ಶಬ್ದ ಯಾವು? ಹಾದ್ಯಾಗ ಹೇಳಿಕೊಡು."

"ಸಾಲಿ ಬಿಡತೇನಿ ಅಂದಿದ್ದಿ?"

"ನಿನ್ನ ಹೊಡತಕ್ಕ ಯಾರರ ಸಾಲಿ ಬಿಡತಾರೇನು? ನೊಣಾ ಕುಂತಂಗಾತು."

ಅವತ್ತಿನಿಂದ ದಿನಾ ಹಾದಿಯಲ್ಲಿ ನಾನು ಹೇಳುವುದು, ಅವನು ಒಪ್ಪಿಸುವುದು. ಆ ಹಾದಿಯಲ್ಲೊಂದು ಚುರಮುರಿ ಭಟ್ಟಿಯಿತ್ತು. ಅಂಥ ಬಿಸಿ ಉಸುಕಿನ ವಾಸನೆ ಬಂದಾಗೆಲ್ಲ ನನಗೆ ಇಂದಿಗೂ ಇಂಗ್ಲಿಷ್ ಶಬ್ದಗಳೇ ನೆನಪಾಗುತ್ತವೆ. ಅವನು ಪಾಸಾದ, ಮುಂದಿನ ಇಯತ್ತೆಗಳನ್ನೂ ಕುಂಟುತ್ತ ದಾಟಿದ.

ಈಗ ನನ್ನ ಕೆಲಸ ಆಫೀಸಿನಲ್ಲಿ ಬೇರೆಯವರ ಇಂಗ್ಲಿಷು ತಿದ್ದುವುದು. ಯಾರಾದರೂ ಆ ಎಕ್ಸೆಪ್ಟ್, ಆಕ್ಸೆಪ್ಟ್ ಎರಡನ್ನು ಅದಲುಬದಲು ಮಾಡಿದರೆ ಮೈ ಉರಿಯುತ್ತದೆ. ಮರುಕ್ಷಣವೇ, ನಾನೇ ತಪ್ಪಿದೆನೇನೋ ಅಂತ ಅಂಜಿ ಬಾಗಿಲು ಮುಂದೆ ಮಾಡಿ ಡಿಕ್ಷನರಿ ನೋಡುತ್ತೇನೆ. ಈರಣ್ಣ ನವನಗರದಿಂದ ಕಳಿಸುವ ಮೆಸೇಜುಗಳಲ್ಲಿ ಅವು ಇನ್ನೂ ಅದಲುಬದಲಾಗಿಯೇ ಇರುತ್ತವೆ. ತಿದ್ದಿ ಕಳಿಸುತ್ತೇನೆ. ಅವನು ಒಂದು ಹೆಬ್ಬೆರಳು ಕಳಿಸುತ್ತಾನೆ. ಕಪಾಳ ಯಾರದೂ ಕೆಂಪಾಗುವುದಿಲ್ಲ, ಅದು ಒಳ್ಳೆಯದೇ. ಆದರೆ ನಮ್ಮಿಬ್ಬರ ನಡುವೆ ಆ ಹಾದಿಯೂ ಉಳಿದಿಲ್ಲ. ನನಗೆ ಎಟುಕಲಿ ಅಂತ ಅಷ್ಟು ಹತ್ತಿರಕ್ಕೆ ಬಾಗುವವರೂ ಇಲ್ಲ.